ಕೂತು ಮಾತಾಡುವ ಶಾಲೆ

ರಕ್ಷಾಳ ಎಡಗಡೆಯ ಜಡೆ ಬಲಗಡೆಯದಕ್ಕಿಂತ ಒಂದಿಷ್ಟು ಮೇಲೆ ಬಂದುಬಿಟ್ಟಿತ್ತು. ಶಿವಲೀಲಾ ಅದನ್ನು ಬಿಚ್ಚಿ ಮತ್ತೆ ಹೆಣೆಯತೊಡಗಿದಳು. ಶನಿವಾರದ ಬೆಳಗಿನ ಶಾಲೆ ಮುಗಿಸಿ ತಾಯಿ ಮಗಳು ತ್ಯಾವಣಿಗೆಯಿಂದ ಚನ್ನಗಿರಿಯವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದರು. ಮನೆಗೆ ಬಂದ ಮೇಲೂ ಶಿವಲೀಲಾಳಿಗೆ ಊಟ ಸೇರಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲುಸಾಕಾದ ಶಾಲೆಯ ಮೇಡಂ ಲ್ಯಾಪ್‌ಟಾಪಿನಲ್ಲಿ ಬಂದು ರಕ್ಷಾಳನ್ನು ಮಾತಾಡಿಸುತ್ತಾರೆ. ತನ್ನನ್ನು ನೋಡಲು ಗಂಡ ಪ್ರವೀಣನ ಮನೆಯವರು ಬಂದ ದಿನವೂ ಹೀಗೇ ಯಾರೋ ಹಿಂದೆ ಕೂತು ಕಣ್ಣಲ್ಲಿ ನೀರು ಬರುವಷ್ಟು ಜಗ್ಗಿ ಜಗ್ಗಿ ತಲೆ ಬಾಚಿದ್ದರು. ಆಗಲೂ ಇಷ್ಟೇ ಹೆದರಿಕೆಯಾಗಿತ್ತೆ? ಇಲ್ಲ, ಆಗ ಒಪ್ಪದಿದ್ದರೆ ಬೇರೆಯವರು ಬರುತ್ತಾರೆ ಎಂಬ ಧೈರ್ಯವಿತ್ತು. ಮಗುವಿಗೆ ಆರಾಮವಾದ ಬಟ್ಟೆ ಹಾಕಿಸಿ ಎಂದು ಶಾಲೆಯವರು ಬರೆದಿದ್ದರು. ಆರಾಮವಾದ ಬಟ್ಟೆಯೆಂದರೆ ರಕ್ಷಾ ಮನೆಯಲ್ಲಿ ಹಾಕಿಕೊಳ್ಳುವ, ಮೊಣಕಾಲ ಹತ್ತಿರ ಹರಿದ ಪ್ಯಾಂಟು. ಅದನ್ನು ಹಾಕಿಸಿ ಪರದೇಶದವರ ಮುಂದೆ ಕೂರಿಸುವುದೆ? ಟೀ ಶರ್ಟು ಸಾಕು ಎಂದು ಪ್ರವೀಣ ಫೋನಿನಲ್ಲಿ ಹೇಳಿದ್ದ. ಅವಳು ಇಸ್ತ್ರಿ ಮಾಡಿದ ಯೂನಿಫಾರ್ಮು ಹಾಕಿಸಿ, ಟೈ ಕಟ್ಟಿ, ಬಕಲು ಹೊಳೆಯುವ ಹೊಸ ಬೆಲ್ಟು ಬಿಗಿದಿದ್ದಳು.

"ಮಮ್ಮಿ, ಬೆಲ್ಟ್ ಬಿಗಿ ಆಗೈತೆ."

"ಸ್ವಲ್ಪ ಹೊತ್ತು ತಡ್ಕೊ. ಹಾಬಿ ಏನು ಅಂತ ಕೇಳಿದ್ರೆ ಏನಂತೀಯ?"

"ಮೈ ಹಾಬಿ ಈಸ್ ರೀಡಿಂಗ್ ಬುಕ್ಸ್." ರಕ್ಷಾ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಮೊದಲ ದಿನ ಇದನ್ನು ಹೇಳಿಕೊಟ್ಟಾಗ, "ನಂಗೆ ಓದೋದು ಇಷ್ಟ ಇಲ್ವಲ್ಲ ಮಮ್ಮಿ, ಸ್ಕಿಪ್ಪಿಂಗ್ ಇಷ್ಟ" ಎಂದಿದ್ದಳು. ಅವರಿಗೆ ಓದುವ ಮಕ್ಕಳು ಬೇಕು, ಹಾರುವ ಮಕ್ಕಳಲ್ಲ ಎಂದು ಶಿವಲೀಲಾ ಗದರಿಸಿದ್ದಳು. ಅವರಿಗೆ ಯಾವ ಮಕ್ಕಳು ಬೇಕು ಎನ್ನುವುದು ತನಗೆ ಹೇಗೆ ಗೊತ್ತು ಎಂದು ಆಮೇಲೆ ಅನ್ನಿಸಿ, ಪಾತ್ರೆ ತಿಕ್ಕುವಾಗಲೆಲ್ಲ ಅದೇ ತಲೆಯಲ್ಲಿ ಸುತ್ತಿತ್ತು.

ಪ್ರವೀಣ್ ಕುಮಾರನಿಗೆ ಮೆಕ್ಕೆಜೋಳದ ಬೀಜದ ಕಂಪನಿಯಲ್ಲಿ ಕೆಲಸ. ಜಗಳೂರಿನ ಹೊಲಗಳಲ್ಲಿ ಅವನು ಬೆಳೆಸಿ ತೋರಿಸಿದ ತಳಿಯೊಂದು ಕಂಪನಿಗೆ ಹಿಡಿಸಿ, ಅವನನ್ನು ಜಾಂಬಿಯಾ ದೇಶದ ಲುಸಾಕಾಕ್ಕೆ ಹಾಕಿದ್ದರು. ಆಗಸ್ಟಿನಲ್ಲಿ ಹೊರಡಬೇಕು. ಮನೆ, ಕಾರು, ಮಕ್ಕಳ ಶಾಲೆ ಎಲ್ಲ ಕಂಪನಿಯದೇ. ಆದರೆ ಶಾಲೆ ಮಾತ್ರ ಅವರು ಹೇಳಿದ್ದೇ ಆಗಬೇಕು. ಆ ಶಾಲೆಯವರು ಚಿಕ್ಕ ಮಗ ಸಿದ್ದೇಶನನ್ನು ಹೋದ ವಾರವೇ ತೆಗೆದುಕೊಂಡಿದ್ದರು. ಅವನು ಯಾವ ಪ್ರಶ್ನೆಗೂ ಉತ್ತರ ಕೊಡದೆ, ಬಿದ್ದ ಹಲ್ಲಿನ ಸಂದಿಯಲ್ಲಿ ನಾಲಿಗೆ ಹಾಕಿ ತೋರಿಸಿ, ಕ್ಯಾಮೆರಾಕ್ಕೆ ಮುಖ ಅಂಟಿಸಿ ನಕ್ಕಿದ್ದ. ಅಷ್ಟಕ್ಕೇ ಆಗಿಹೋಯಿತು. ರಕ್ಷಾಳ ತರಗತಿಯಲ್ಲಿ ಉಳಿದಿರುವುದು ಒಂದೇ ಜಾಗ, ಕೇಳುತ್ತಿರುವವರು ಇಬ್ಬರು. ಸಿಗದಿದ್ದರೆ? "ಸಿಗದಿದ್ರೆ ಮುಂದಿನ ಜನವರಿಗೆ ಕೊಡ್ತಾರಂತೆ. ಅಲ್ಲೀತನಕ ಅವ್ವನ ಹತ್ರ ಇರ್ಲಿ" ಎಂದು ಪ್ರವೀಣ ಹೇಳಿಬಿಟ್ಟಿದ್ದ. ಅವನು ಕೆಟ್ಟವನಲ್ಲ. ಹೊಲದಲ್ಲಿ ಒಂದು ಸಾಲು ಮೊಳೆಯದಿದ್ದರೆ ಆಮೇಲೆ ಹಾಕೋಣ ಎನ್ನುವವನು, ಅಷ್ಟೇ. ಆದರೆ ರಕ್ಷಾಳನ್ನು ಬಿಟ್ಟು ವಿಮಾನ ಹತ್ತುವುದನ್ನು ಶಿವಲೀಲಾಳಿಗೆ ನೆನೆಯಲೂ ಆಗುತ್ತಿರಲಿಲ್ಲ.

ಅತ್ತೆ ಸರ್ವಮಂಗಳಮ್ಮ ಸಾಸ್ವೆಹಳ್ಳಿಯಿಂದ ಬೆಳಿಗ್ಗೆಯೇ ಬಂದಿದ್ದಳು. ಅಲ್ಲಿ ನಾಲ್ಕು ಹೆಂಗಸರನ್ನು ಇಟ್ಟುಕೊಂಡು ಖಡಕ್ ರೊಟ್ಟಿ ಮಾಡಿಸಿ ಹೊನ್ನಾಳಿಯ ಖಾನಾವಳಿಗಳಿಗೆ ಕಳಿಸುವ ಗಟ್ಟಿ ಹೆಂಗಸು. ಈಗ ನಡುಮನೆಯಲ್ಲಿ ಕಾಲು ಚಾಚಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಯಾಕಿಷ್ಟು ಒದ್ದಾಡ್ತೀಯೆ ಲೀಲಾ? ಆದ್ರೆ ಆತು, ಇಲ್ಲಾಂದ್ರೆ ನಾನಿಲ್ವಾ? ನಮ್ಮನೇಲಿ ಹಾಲಿಗೆ ಬರವಾ, ಮೊಸರಿಗೆ ಬರವಾ?"

"ಹೌದತ್ತೆ," ಎಂದಳು ಶಿವಲೀಲಾ. ಬೇರೆ ಏನಾದರೂ ಹೇಳಬೇಕೆಂದುಕೊಂಡಿದ್ದಳು, ಬಾಯಿಗೆ ಬಂದದ್ದು ಇಷ್ಟೇ. ಹಾಲು ಮೊಸರು ನ್ಯಾಮತಿಯಲ್ಲೂ ಇತ್ತು. ಲೈನ್‌ಮನ್ ಆಗಿದ್ದ ಅಪ್ಪನಿಗೆ ಜಗಳೂರಿಗೆ ವರ್ಗವಾದಾಗ, ಅಣ್ಣನನ್ನು ಕರೆದುಕೊಂಡು ಹೋಗಿ ಇವಳನ್ನು ಸೋದರತ್ತೆ ಕಲ್ಲಮ್ಮನ ಮನೆಯಲ್ಲಿ ಬಿಟ್ಟಿದ್ದರು. ಕಲ್ಲಮ್ಮ ಒಳ್ಳೆಯವಳು. ಅದೇ ತೊಂದರೆ, ದೂರುವುದಕ್ಕೆ ಏನೂ ಇರಲಿಲ್ಲ. ನ್ಯಾಮತಿಯ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಬಗ್ಗಿ, "ಇಲ್ಲೇ ಇರ್ತೀಯೇನವ್ವಾ?" ಎಂದು ಕೇಳಿದ್ದ. "ಪರವಾಗಿಲ್ಲಪ್ಪ" ಎಂದಿದ್ದಳು ಎರಡನೆಯ ತರಗತಿಯ ಶಿವಲೀಲಾ. ಎಷ್ಟು ಜಾಣೆ ನೋಡ್ರೀ, ಒಂದಿಷ್ಟೂ ಹಟ ಮಾಡಲಿಲ್ಲ ಎಂದು ಎಲ್ಲರೂ ಅವಳ ಗಲ್ಲ ಹಿಂಡಿದರು. ಅಣ್ಣ ಬಸ್ಸಿನ ಕಿಟಕಿಯಲ್ಲಿ ಕಡಲೆಕಾಯಿ ತಿನ್ನುತ್ತ ಸಿಪ್ಪೆಯನ್ನು ಕೆಳಗೆ ಉದುರಿಸುತ್ತಿದ್ದ. ಆ ಹೊಗಳಿಕೆಯ ರುಚಿ ಹತ್ತಿದ್ದರಿಂದಲೇ ಇರಬೇಕು, ಆಮೇಲೆ ಯಾರು ಏನು ಕೇಳಿದರೂ ಅದೇ ಮಾತು. ತಾಲೂಕು ಆಫೀಸಿನವರು ಜನಗಣತಿಯ ಕೆಲಸ ಹೆಚ್ಚು ಕೊಟ್ಟರೆ ಪರವಾಗಿಲ್ಲ ಸರ್. ಬಸ್ಸಿನಲ್ಲಿ ಸೀಟು ಕಸಿದುಕೊಂಡರೆ ಪರವಾಗಿಲ್ಲ ಬಿಡ್ರಿ. ಅದನ್ನು ಹೇಳಲು ಯೋಚನೆಯೇ ಬೇಕಾಗುತ್ತಿರಲಿಲ್ಲ.

ಮೇಡಂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ತಾನು ಬಿಳಿ ಹೆಂಗಸೊಬ್ಬಳನ್ನು ಎದುರು ನೋಡುತ್ತಿದ್ದೆ ಎನ್ನುವುದು ಶಿವಲೀಲಾಳಿಗೆ ಗೊತ್ತಾದದ್ದೇ ಆಗ. ಪರದೆಯ ಮೇಲಿದ್ದವರು ಕಪ್ಪಗೆ, ದುಂಡಗೆ, ಸಣ್ಣ ಸಣ್ಣ ಜಡೆಗಳನ್ನು ಎತ್ತಿ ಕಟ್ಟಿದ್ದ ನಡುವಯಸ್ಸಿನ ಹೆಂಗಸು. ಅಯ್ಯೋ ನಮ್ಮ ಹಾಗೇ ಇದ್ದಾರಲ್ಲ ಎಂದು ಒಂದು ಗಳಿಗೆ ಹಗುರವಾಯಿತು. ಹಾಗೆ ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು. ಆಫ್ರಿಕಾಕ್ಕೆ ಹೋಗುತ್ತಿರುವುದು ಗೊತ್ತಿದ್ದೂ ದೊಡ್ಡ ಶಾಲೆಯೆಂದರೆ ಬಿಳಿಯವರೇ ಇರಬೇಕೆಂದುಕೊಂಡಿದ್ದ ತನ್ನ ತಲೆಗೆ ಏನನ್ನಬೇಕು? ಮೇಡಂ ನಕ್ಕು, "ಗುಡ್ ಆಫ್ಟರ್‌ನೂನ್, ರಕ್ಷಾ" ಎಂದರು.

ರಕ್ಷಾ ದಡಕ್ಕನೆ ಎದ್ದು ನಿಂತಳು. ಕೈ ಕಟ್ಟಿ, ಶಾಲೆಯಲ್ಲಿ ಎಲ್ಲ ಮಕ್ಕಳೂ ಎಳೆದು ಹೇಳುವ ರಾಗದಲ್ಲೇ, "ಗುಡ್ಡಾಫ್ಟರ್‌ನೂನ್ ಮ್ಯಾ...ಮ್" ಎಂದಳು.

ಬಾಗಿಲ ಬಳಿ ನಿಂತಿದ್ದ ಶಿವಲೀಲಾಳಿಗೆ ಪರದೆಯ ಮೂಲೆಯಲ್ಲಿ ಮಗಳ ಚಿತ್ರ ಕಂಡಿತು. ಮುಖವಿರಲಿಲ್ಲ. ಬೆಲ್ಟು, ಹೊಳೆಯುವ ಬಕಲು, ಟೈಯಿನ ತುದಿ. ಇಷ್ಟು ದಿನ ಹೇಳಿಕೊಟ್ಟವಳಿಗೆ ಇದೊಂದು ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಗುರುಗಳು ಮಾತಾಡಿಸಿದರೆ ಕೂತು ಉತ್ತರ ಕೊಡಬಹುದು ಎಂಬುದೇ ಆ ಮಗುವಿಗೆ ಗೊತ್ತಿರಲಿಲ್ಲ. ಕಲಿಸಿದವಳು ತಾನೇ. ತ್ಯಾವಣಿಗೆಯ ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿಯ ಟೀಚರು ಶಿವಲೀಲಾ, ಅದೇ ತರಗತಿಯ ಎರಡನೆಯ ಬೆಂಚಿನಲ್ಲಿ ಅವಳ ಮಗಳು. ಸರ್ಕಾರಿ ಶಾಲೆಯ ಟೀಚರು ಮಗಳನ್ನು ಅಲ್ಲೇ ಓದಿಸುತ್ತಾರೆಂದು ಶಿಕ್ಷಕರ ದಿನಾಚರಣೆಯಲ್ಲಿ ಅವಳಿಗೆ ಶಾಲು ಹೊದಿಸಿದ್ದರು. ಗೇಟು ದಾಟಿದ ಮೇಲೆ ಮಮ್ಮಿ ಅನ್ನಬಾರದು, ಟೀಚರ್ ಅನ್ನಬೇಕು. ಬೇರೆ ಮಕ್ಕಳು ಎದ್ದೇಳುವುದು ಒಂದು ಚೂರು ತಡವಾದರೆ ನಡೆಯುತ್ತದೆ, ರಕ್ಷಾ ಎಲ್ಲರಿಗಿಂತ ಮೊದಲು ಎದ್ದಿರಬೇಕು. ಟೀಚರ ಮಗಳು ಎಂದು ಯಾರೂ ಬೆರಳು ತೋರಿಸಬಾರದಲ್ಲ.

ಮೇಡಂ ಕೂತುಕೊಳ್ಳಲು ಹೇಳಿದರು. ರಕ್ಷಾ ಕೂತಳು. ನಿನಗೆ ಯಾವ ಪ್ರಾಣಿ ಇಷ್ಟ ಎಂದು ಕೇಳಿದರು. ರಕ್ಷಾ ಎದ್ದಳು. ಮತ್ತೆ ಬೆಲ್ಟು. "ಕುತ್ಕೋ, ಕುತ್ಕೋ" ಎಂದು ಶಿವಲೀಲಾ ಬಾಗಿಲಿನಿಂದ ಕೈಸನ್ನೆ ಮಾಡಿದಳು. ಮಗು ಮೇಡಂ ಅವರನ್ನು ಬಿಟ್ಟು ತಾಯಿಯ ಕಡೆ ನೋಡಿತು; ನೋಡುತ್ತಲೇ ಅರ್ಧ ಕೂತು ಅರ್ಧ ನಿಂತು, ಪ್ರಾಣಿಯನ್ನು ಮರೆತು, "ಮೈ ಹಾಬಿ ಈಸ್ ರೀಡಿಂಗ್ ಬುಕ್ಸ್" ಎಂದುಬಿಟ್ಟಿತು. ಶಿವಲೀಲಾಳ ತುಟಿಗಳು ತಾವಾಗಿಯೇ ಆಡತೊಡಗಿದವು. ಎಲಿಫೆಂಟ್, ಎಲಿಫೆಂಟ್. ಆಗ ಮೇಡಂ ತುಂಬ ಮೃದುವಾಗಿ, ಕೋಣೆಯಲ್ಲಿ ಇನ್ಯಾರೋ ಇದ್ದಾರೆ ಅನ್ನಿಸುತ್ತದೆ, ಅವರು ದಯವಿಟ್ಟು ಹೊರಗೆ ಕೂತಿರಲಿ ಎಂದರು. ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದವಳ ಹಾಗೆ ಶಿವಲೀಲಾಳ ಮುಖ ಬಿಸಿಯಾಯಿತು. ಹದಿನಾರು ವರ್ಷದಿಂದ ಟೀಚರು ಅವಳು. ಹೊರಗೆ ಹೋಗುವ ಮುನ್ನ ಮಗಳ ಕಿವಿಯ ಬಳಿ ಬಗ್ಗಿ, "ಇನ್ನೊಂದ್ಸಲ ಎದ್ರೆ ಸೀಟು ಹೋತು ನೋಡು" ಎಂದಳು. ಹೇಳಿದ್ದೇ ತಡ, ಹೇಳಬಾರದಿತ್ತು ಅನ್ನಿಸಿತು. ಆದರೆ ಅಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು.

"ಯಾಕೆ, ಹೊರಗೆ ಹಾಕಿದ್ರಾ?" ಎಂದಳು ಸರ್ವಮಂಗಳಮ್ಮ ಬೆಳ್ಳುಳ್ಳಿಯಿಂದ ಕಣ್ಣೆತ್ತದೆ. ಪಕ್ಕದಲ್ಲಿ ಸಿದ್ದೇಶ ಸಿಪ್ಪೆಗಳನ್ನು ಊದಿ ಹಾರಿಸುತ್ತಿದ್ದ. ಶಿವಲೀಲಾ ಅಡುಗೆಮನೆಗೆ ಹೋದಳು, ಗ್ಯಾಸು ಹಚ್ಚಿದಳು, ಯಾಕೆ ಹಚ್ಚಿದೆ ಎಂದು ತಿಳಿಯದೆ ಆರಿಸಿದಳು. ಒಳಗಿನಿಂದ ಏನೂ ಕೇಳಿಸಲಿಲ್ಲ. ಮೌನವಾಗಿರುವುದು ಮಗುವೋ ಮೇಡಮ್ಮೋ? ದೊಡ್ಡವರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ ಎಂದು ಕಲಿಸಿದ್ದಾಳೆ, ಅದನ್ನು ಈಗ ಏನೆಂದು ತಿಳಿಯುತ್ತಾರೋ. ಮಧ್ಯೆ ಬಾಯಿ ಹಾಕಬೇಡ ಎಂದು ಕಲಿಸಿದ್ದಾಳೆ. ಕೇಳಿದ್ದಕ್ಕಷ್ಟೇ ಉತ್ತರ ಎಂದು ಕಲಿಸಿದ್ದಾಳೆ. ಒಳ್ಳೆಯ ಮಗುವಾಗಲು ಏನೇನು ಬೇಕೋ ಎಲ್ಲ ಕಲಿಸಿ, ಈಗ ಕೂತು ಮಾತಾಡುವ ಶಾಲೆಯ ಮುಂದೆ ನಿಲ್ಲಿಸಿದ್ದಾಳೆ. ಆಮೇಲೆ ಒಳಗೆ ಇದ್ದಕ್ಕಿದ್ದಂತೆ ಯಾರೋ ನಕ್ಕರು. ಮೇಡಮ್ಮೇ. ಅದರ ಹಿಂದೆಯೇ ರಕ್ಷಾ ಕೂಡ ನಕ್ಕಳು, ಮನೆಯಲ್ಲಿ ನಗುವ ಹಾಗೆ, ಗೊಳ್ಳನೆ. ಶಿವಲೀಲಾಳಿಗೆ ಸಮಾಧಾನವಾಗಬೇಕಿತ್ತು. ನನ್ನನ್ನು ಹೊರಗೆ ಹಾಕಿದ ಮೇಲೆ ನಕ್ಕಳಲ್ಲ ಎಂದು ಎದೆಯಲ್ಲಿ ಸಣ್ಣದೊಂದು ಮುಳ್ಳು ಮುರಿಯಿತು.

ರಕ್ಷಾ ಬಾಗಿಲು ತೆರೆದು ಬಂದಳು. ಕೆನ್ನೆ ಕೆಂಪಾಗಿತ್ತು. "ಸ್ಕಿಪ್ಪಿಂಗ್ ಆಡ್ತೀನಿ ಅಂದೆ ಮಮ್ಮಿ. ಅವರೂ ಆಡ್ತಿದ್ರಂತೆ. ನಾನು ಕೂತೇ ಇದ್ದೆ, ಒಂದ್ಸಲಾನೂ ಏಳಲಿಲ್ಲ. ನಿನ್ನ ಕರೀತಾರೆ ನೋಡು."

ಪ್ರವೀಣ ಜಗಳೂರಿನಿಂದ ಫೋನಿನಲ್ಲೇ ಸೇರಿಕೊಳ್ಳಬೇಕಿತ್ತು. ಪರದೆಯಲ್ಲಿ ಅವನ ಹೆಸರು ಬಂತು, ಹೋಯಿತು, ಜೋಳದ ಹೊಲದ ಗಾಳಿಯ ಸದ್ದು ಒಂದಿಷ್ಟು ಬಂತು, ಅದೂ ಹೋಯಿತು. ಶಿವಲೀಲಾ ಒಬ್ಬಳೇ ಕೂತಳು. ಕುರ್ಚಿಯ ತುದಿಗೆ, ಯಾವಾಗ ಬೇಕಾದರೂ ಏಳಲು ಸಿದ್ಧವಾಗಿ. ಮೇಡಂ ರಕ್ಷಾಳನ್ನು ಹೊಗಳಿದರು. ಚೂಟಿ ಹುಡುಗಿ, ಇಂಗ್ಲಿಷು ಆರು ತಿಂಗಳಲ್ಲಿ ಸರಿಹೋಗುತ್ತದೆ ಎಂದರು. ಶಿವಲೀಲಾ ಪ್ರತಿ ಮಾತಿಗೂ ಥ್ಯಾಂಕ್ಯೂ ಮ್ಯಾಮ್ ಎಂದಳು. ಆಮೇಲೆ ಮೇಡಂ ಮುಂದಕ್ಕೆ ಬಾಗಿ, ನಮ್ಮಲ್ಲಿ ಒಂದೇ ಜಾಗವಿರುವುದು ನಿಮಗೆ ಗೊತ್ತಿದೆ, ಒಂದು ವೇಳೆ ಜನವರಿಯವರೆಗೆ ಕಾಯಬೇಕಾಗಿ ಬಂದರೆ ನಿಮಗೆ ಬಹಳ ಕಷ್ಟವಾಗುತ್ತದೆಯೆ, ಮುಚ್ಚುಮರೆಯಿಲ್ಲದೆ ಹೇಳಿ ಎಂದು ಕೇಳಿದರು.

ಕೇಳಿದ್ದು ಅಷ್ಟು ಸರಳವಾದ ಪ್ರಶ್ನೆ. ಕಷ್ಟವಾಗುತ್ತದೆ ಎಂದರೆ ಮುಗಿದಿತ್ತು. ಆದರೆ ಎದುರಿಗಿರುವವರು ಹೆಡ್‌ಮಿಸ್ಟ್ರೆಸ್ಸು, ದೊಡ್ಡವರು, ಪಾಪ ಸಂಕೋಚದಿಂದ ಕೇಳುತ್ತಿದ್ದಾರೆ. ಅವರಿಗೆ ಮುಜುಗರ ಮಾಡಬಾರದು, ಹಟ ಮಾಡುವ ತಾಯಿ ಅನ್ನಿಸಿಕೊಳ್ಳಬಾರದು. ಒಳ್ಳೆಯ ಮನೆತನದವರು ಅಂದುಕೊಂಡರೆ ಸೀಟು ಕೊಟ್ಟೇ ಕೊಡುತ್ತಾರೆ. ಇದೆಲ್ಲ ಅವಳು ಯೋಚಿಸಿದ್ದಲ್ಲ, ಯೋಚನೆಗೆ ಮೊದಲೇ ಮೈಯಲ್ಲಿ ಎದ್ದದ್ದು. ಮೈಯೂ ಎದ್ದಿತ್ತು. ತಾನು ಎದ್ದು ನಿಂತಿದ್ದೇನೆ ಎಂದು ಪರದೆಯ ಮೂಲೆಯಲ್ಲಿ ಸೀರೆಯ ನೆರಿಗೆ ಕಂಡಾಗಲೇ ಅವಳಿಗೆ ಗೊತ್ತಾದದ್ದು. "ನೋ ಪ್ರಾಬ್ಲಮ್ ಮ್ಯಾಮ್," ಎನ್ನುತ್ತಿದ್ದಳು ಶಿವಲೀಲಾ ನಗುನಗುತ್ತ. "ನೋ ಪ್ರಾಬ್ಲಮ್. ಗ್ರ್ಯಾಂಡ್‌ಮದರ್ ಈಸ್ ದೇರ್."

ಮೇಡಂ ಬಹಳ ಸಂತೋಷದಿಂದ ಕೈ ಬೀಸಿ ಹೋದರು. ತಿರುಗಿ ನೋಡಿದರೆ ಬಾಗಿಲಲ್ಲಿ ರಕ್ಷಾ. ಬೆಲ್ಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿತ್ತು ಮಗು. ಅವಳಿಗೆ ಬರುವ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ ನೋ ಪ್ರಾಬ್ಲಮ್ಮೂ ಗ್ರ್ಯಾಂಡ್‌ಮದರೂ ಇದ್ದವು, ಕಲಿಸಿದವಳು ತಾಯಿಯೇ. ಕೇಳಿಸಿತೆ ಎಂದು ಕೇಳುವ ಬದಲು ಶಿವಲೀಲಾ, "ಬೆಲ್ಟ್ ತೆಗೆದಿಡು" ಎಂದಳು.

ಭಾನುವಾರವಿಡೀ ರಕ್ಷಾ ಕೂತಿದ್ದಳು. ಪ್ರವೀಣ ಜಗಳೂರಿನಿಂದ ಬಂದಾಗ, ಯಾವಾಗಲೂ ಓಡಿಹೋಗಿ ಅವನ ಬ್ಯಾಗು ಇಸಿದುಕೊಳ್ಳುವವಳು, ಕುರ್ಚಿಯಲ್ಲೇ ಕೂತು "ಬಾ ಪಪ್ಪ" ಎಂದಳು. ಬೀದಿಯ ಕೊನೆಯ ಮಠದ ಅಯ್ಯನವರು ಬಂದಾಗ ಮನೆಯವರೆಲ್ಲ ಎದ್ದು ಬಗ್ಗಿ ನಮಸ್ಕಾರ ಮಾಡಿದರು, ಅವಳು ಕೂತೇ ಕೈ ಮುಗಿದಳು. "ಏನಿದು, ಹುಡುಗಿಗೆ ಆಗಲೇ ಪರದೇಶದ ಗಾಳಿ ಹೊಡೀತೇನು?" ಎಂದು ಸರ್ವಮಂಗಳಮ್ಮ ಗೊಣಗಿದಳು. ಪ್ರವೀಣ ನಕ್ಕ. ಶಿವಲೀಲಾಳಿಗೆ ನಗು ಬರಲಿಲ್ಲ. ಅದು ಗಾಳಿಯೂ ಅಲ್ಲ, ಸೊಕ್ಕೂ ಅಲ್ಲ. ಎದ್ದರೆ ಸೀಟು ಹೋಗುತ್ತದೆ ಎಂದು ಹೇಳಿದ್ದು ತಾನೇ. ಆ ಮೇಡಂ ಎಲ್ಲಿಂದಲೋ ಇನ್ನೂ ನೋಡುತ್ತಿದ್ದಾರೆಂಬಂತೆ ಮಗು ಬೆನ್ನು ನೆಟ್ಟಗೆ ಮಾಡಿ ಕೂತಿತ್ತು. ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು, "ನಾನು ಹಂಗೆ ಅಂದಿದ್ದು ಸುಮ್ನೆ ಕಣೇ, ಮರ್ಯಾದೆಗೆ" ಎನ್ನಬೇಕೆಂದು ನಾಲ್ಕಾರು ಸಲ ಬಾಯಿ ತೆರೆದಳು. ಮರ್ಯಾದೆಗೆ ಮಗಳನ್ನು ಬಿಡುತ್ತೇನೆ ಎಂದವಳನ್ನು ಮಗಳು ಏನೆಂದು ನಂಬಬೇಕು? ಬೆಳಿಗ್ಗೆ ಪ್ರವೀಣನಿಂದ ಶಾಲೆಗೆ ಬರೆಸಿ ಸರಿಮಾಡಿದರಾಯಿತು ಎಂದುಕೊಂಡಳು. ಅವನು ಆಗಲೇ ಗೊರಕೆ ಹೊಡೆಯುತ್ತಿದ್ದ.

ಸೋಮವಾರ ಪ್ರವೀಣ ಏಳುವ ಮೊದಲೇ ತ್ಯಾವಣಿಗೆಯ ಬಸ್ಸಿಗೆ ಹೊರಡಬೇಕಾಯಿತು. ಅವತ್ತು ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಕೆರೆಬಿಳಚಿಯಲ್ಲಿ ಅಜ್ಜಿಯೊಬ್ಬಳು ಹತ್ತಿ ರಕ್ಷಾಳ ಪಕ್ಕ ಬಂದು ನಿಂತಳು. ರಕ್ಷಾ ಏಳಲಿಲ್ಲ. ಶಿವಲೀಲಾ ಎದ್ದು ತನ್ನ ಸೀಟು ಕೊಟ್ಟು, ಉಳಿದ ದಾರಿಯೆಲ್ಲ ಕಂಬಿ ಹಿಡಿದು ಮಗಳ ಬೈತಲೆಯನ್ನೇ ನೋಡುತ್ತ ನಿಂತಳು. ಇಳಿದ ಕೂಡಲೇ ಪ್ರವೀಣನಿಗೆ ಫೋನು ಮಾಡಬೇಕು, ಕಷ್ಟವಾಗುತ್ತದೆ, ತುಂಬ ಕಷ್ಟವಾಗುತ್ತದೆ ಎಂದು ಬರೆಯಲು ಹೇಳಬೇಕು. ಮಾತುಗಳನ್ನು ಜೋಡಿಸಿಕೊಳ್ಳುತ್ತ ಶಾಲೆಯ ಗೇಟು ದಾಟುವಷ್ಟರಲ್ಲೇ ಪ್ರಾರ್ಥನೆಯ ಗಂಟೆ ಹೊಡೆಯಿತು. ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ತರಗತಿಗೆ ಹೋಗುತ್ತಿದ್ದಾಗ ಫೋನು ಬಂತು. ಪ್ರವೀಣನೇ.

"ಲೀಲಾ, ಶಾಲೆಯವರ ಮೇಲ್ ಬಂದೈತೆ. ರಕ್ಷಾಗೆ ಜನವರಿಗೆ ಗ್ಯಾರಂಟಿ ಅಂತೆ."

"ಈಗ?"

"ಈಗಿಂದು ಆ ಇನ್ನೊಬ್ಬರ ಹುಡುಗಂಗೆ ಕೊಟ್ರಂತೆ. ಇಬ್ರೂ ಚೆನ್ನಾಗಿದ್ರಂತೆ, ಆ ಹುಡುಗನ್ನ ಬಿಟ್ಟು ಬರಾಕೆ ಅವರ ಮನೇಲಿ ಯಾರೂ ಇಲ್ವಂತೆ. ನೀನು ನೋ ಪ್ರಾಬ್ಲಮ್ ಅಂದಿದ್ದೆಯಂತಲ್ಲ, ಅದಕ್ಕೆ ತುಂಬ ಥ್ಯಾಂಕ್ಸ್ ಹೇಳಿದಾರೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗ್ಲಿ ಬಿಡು, ನಾಲ್ಕೈದು ತಿಂಗಳು ತಾನೆ. ಅವ್ವಂಗೂ ಖುಷಿ ಆಗ್ತೈತೆ. ಏನಂತೀಯ?"

ಪರವಾ... ಎಂದು ನಾಲಿಗೆ ಹೊರಟೇ ಬಿಟ್ಟಿತ್ತು. ಶಿವಲೀಲಾ ಹಲ್ಲು ಕಚ್ಚಿ ಅದನ್ನು ಹಿಡಿದಳು. "ನಾನು ಬರಲ್ಲ ರೀ," ಎಂದಳು. "ಅವಳನ್ನ ಬಿಟ್ಟು ನಾನು ಬರಲ್ಲ." ಅತ್ತ ಕಡೆಯಿಂದ ಪ್ರವೀಣ ಏನು ಹೇಳಿದನೋ ಕೇಳಿಸಿಕೊಳ್ಳದೆ ಫೋನು ಇಟ್ಟಳು. ಇದೇ ಮಾತನ್ನು ಶನಿವಾರ ಹೇಳಿದ್ದರೆ ಸಾಕಾಗಿತ್ತು.

ಅವಳು ಒಳಗೆ ಕಾಲಿಟ್ಟೊಡನೆ ಇಡೀ ತರಗತಿ ಎದ್ದು ನಿಂತು, "ನಮಸ್ತೇ ಟೀಚ...ರ್" ಎಂದಿತು. ಎರಡನೆಯ ಬೆಂಚಿನಲ್ಲಿ ರಕ್ಷಾ ಒಬ್ಬಳೇ ಕೂತಿದ್ದಳು. ಎರಡೂ ಕೈಗಳಿಂದ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದು, ತಾಯಿಯ ಕಣ್ಣಲ್ಲಿ ಕಣ್ಣಿಟ್ಟು. ಅಕ್ಕಪಕ್ಕದ ಹುಡುಗಿಯರು ಬಾಯಿ ಮುಚ್ಚಿಕೊಂಡು ಅವಳನ್ನೂ ಟೀಚರನ್ನೂ ನೋಡಿದರು. ಹೊಡೆತ ಬೀಳುತ್ತದೆ ಎಂದೇ ಎಲ್ಲರೂ ಕಾದರು. ಶಿವಲೀಲಾ ಮಕ್ಕಳ ನಡುವೆ ದಾರಿ ಮಾಡಿಕೊಂಡು ಹೋಗಿ, ಆ ಗಿಡ್ಡ ಬೆಂಚಿನ ಮೇಲೆ ಮಗಳ ಪಕ್ಕ ಕೂತಳು. ಮೊಣಕಾಲುಗಳು ಎದುರಿನ ಹಲಗೆಗೆ ತಗುಲಿದವು.

"ಸೀಟು ಸಿಕ್ತಾ?" ಎಂದು ರಕ್ಷಾ ಪಿಸುಗುಟ್ಟಿದಳು. "ನಾನು ನಿನ್ನೆಯಿಂದ ಯಾರ್ ಬಂದ್ರೂ ಎದ್ದೇ ಇಲ್ಲ."

"ಇಲ್ಲ. ಜನವರಿಗೆ ಅಂತೆ." ಶಿವಲೀಲಾ ಮಗಳ ಕಡೆ ಬಾಗಿದಳು. "ನೀನು ಎದ್ದಿದ್ದಕ್ಕಲ್ಲ. ನಾನು ಅಂದಿದ್ದಕ್ಕೆ. ಆದ್ರೆ ನಿನ್ನ ಬಿಟ್ಟು ನಾನು ಹೋಗಲ್ಲ ರಕ್ಷಾ. ಪಪ್ಪಂಗೂ ಹೇಳಿದೀನಿ. ಕೇಳಿಸ್ತಾ?"

ರಕ್ಷಾ ತಾಯಿಯ ಮುಖ ನೋಡಿದಳು. ನಂಬಬೇಕೋ ಬೇಡವೋ ಎಂದು ಆ ಪುಟ್ಟ ಹುಬ್ಬುಗಳು ಲೆಕ್ಕ ಹಾಕುತ್ತಿದ್ದುದು ಶಿವಲೀಲಾಳಿಗೆ ಕಾಣಿಸುತ್ತಿತ್ತು. ಆಮೇಲೆ ಬೆಂಚಿನ ಅಂಚಿನಿಂದ ಒಂದು ಕೈ ಸಡಿಲವಾಯಿತು, ಇನ್ನೊಂದು ಕೈಯೂ ಸಡಿಲವಾಯಿತು. ಲಂಗ ಸರಿಮಾಡಿಕೊಂಡು ಎದ್ದು ನಿಂತು, ಕೈ ಕಟ್ಟಿದಳು.

"ಪರವಾಗಿಲ್ಲ ಟೀಚರ್," ಎಂದಳು.

ಕೂತುಕೊಳ್ಳಿ ಎಂದು ಹೇಳಬೇಕಾದವಳು ಶಿವಲೀಲಾಳೇ. ಮಕ್ಕಳೆಲ್ಲ ಅವಳ ಬಾಯನ್ನೇ ನೋಡುತ್ತ ನಿಂತಿದ್ದರು.